ಎಲ್ಲಕ್ಕೂ ಕಾಲ್ ಅನ್ನುವವ, ಮುದುರಿ ಕೂರುವವ: ಯಾರೆದುರು ಹೇಗೆ?

ಬಳ್ಳಾರಿ, ಕೊಪ್ಪಳದಿಂದ ಗೋವಾ ಕ್ಯಾಸಿನೊಗೆ ಹೋಗಿ ಪೋಕರ್‌ಗೆ ಕೂತರೆ ಸಿಗುವ ತಣ್ಣನೆ ಆಟಗಾರರಲ್ಲಿ (ತಾವಾಗಿ ಪಣ ಏರಿಸೋದು ಅಪರೂಪ) ಎರಡು ಜಾತಿ.

ಮೊದಲನೆಯವ ಎಲ್ಲಕ್ಕೂ ಕಾಲ್ ಅನ್ನುತ್ತಾನೆ, ಅಂದರೆ ಎದುರಾಳಿ ಕಟ್ಟಿದಷ್ಟೇ ಕಟ್ಟಿ ಆಟದಲ್ಲಿ ಉಳಿಯುತ್ತಾನೆ; ಸಣ್ಣ ಜೋಡಿಯನ್ನೂ ಬಿಡುವುದಿಲ್ಲ. ಇವನೆದುರು ಬ್ಲಫ್ (ಒಳ್ಳೆ ಎಲೆ ಇಲ್ಲದೆ ಹೆದರಿಸಲು ಪಣ ಕಟ್ಟೋದು) ಅಂದರೆ ತುಂಗಭದ್ರೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅರ್ಧ ಪಾಟ್‌ನ (ಮೇಜಿನ ಮಧ್ಯೆ ಕೂಡಿದ ಹಣದ ಅರ್ಧದಷ್ಟರ) ಬ್ಲಫ್ ನಷ್ಟವಾಗದಿರಲು ಮೂರರಲ್ಲಿ ಒಂದು ಸಲವಾದರೂ ಅವನು ಫೋಲ್ಡ್ ಮಾಡಬೇಕು, ಅಂದರೆ ಎಲೆ ಎಸೆಯಬೇಕು; ಮಾಡಲ್ಲ. ಟಾಪ್ ಪೇರ್ (ಮೇಜಿನ ಮೇಲೆ ಬಿಚ್ಚಿಟ್ಟ ಎಲೆಗಳಲ್ಲಿ ದೊಡ್ಡದಕ್ಕೆ ಕೂಡಿದ ಜೋಡಿ), ಒಳ್ಳೆ ಕಿಕ್ಕರ್ (ನಿಮ್ಮ ಕೈಯ ಇನ್ನೊಂದು ಎಲೆ) ಇದ್ದರೆ ಫ್ಲಾಪ್ (ಬಿಚ್ಚಿಡುವ ಮೊದಲ ಮೂರು ಎಲೆ), ಟರ್ನ್ (ನಾಲ್ಕನೆಯದು) ಎರಡರಲ್ಲೂ ಪಾಟ್‌ನ ಮುಕ್ಕಾಲು ಭಾಗ ಕಟ್ಟಿ. ಬೋರ್ಡ್ ಕೆಡದಿದ್ದರೆ, ಅಂದರೆ ಬಿಚ್ಚಿಟ್ಟ ಎಲೆಗಳು ಎದುರಾಳಿಗೆ ಅನುಕೂಲವಾಗದಿದ್ದರೆ, ರಿವರ್‌ನಲ್ಲೂ (ಐದನೆಯ, ಕೊನೆಯ ಎಲೆ). ಚೆಕ್ ಮಾಡಿ (ಪಣ ಕಟ್ಟದೆ ಸರದಿ ಬಿಟ್ಟು) ಬಲೆ ಹಾಸಿದರೆ ಅವನೂ ಚೆಕ್ ಮಾಡುತ್ತಾನೆ, ಪಾಟ್ ಬೆಳೆಯೋದೇ ಇಲ್ಲ.

ಎರಡನೆಯವ, ಮುದುರಿ ಕೂರುವವ, ಫ್ಲಾಪ್ ಕೂಡದಿದ್ದರೆ ಎಲೆ ಎಸೆಯುತ್ತಾನೆ. ಇವನೆದುರು ಬ್ಲಫ್‌ಗೆ ಪಾಟ್‌ನ ಮೂರನೇ ಒಂದು ಭಾಗ ಸಾಕು. ಕಾಲ್ ಮಾಡಿದನೋ, ಬ್ಲಫ್ ಅಲ್ಲಿಗೇ ನಿಲ್ಲಿಸಿ.

ಟೇಬಲ್ ಆರಿಸುವಂತಿದ್ದರೆ ಮೊದಲನೆಯವನದೇ ಮೇಲು. ಅವನು ನಿಮ್ಮ ಬಲಕ್ಕಿರಲಿ, ನಿಮಗಿಂತ ಮೊದಲು ಆಡುವಂತೆ. ಆದರೆ ಇಬ್ಬರಲ್ಲಿ ಯಾರೇ ರಿವರ್‌ನಲ್ಲಿ ರೇಯ್ಸ್ ಮಾಡಿದರೂ (ನಿಮ್ಮ ಪಣದ ಮೇಲೆ ಏರಿಸಿದರೂ) ಒಂದೇ ಜೋಡಿ ಹಿಡಿದು ಕೂರಬೇಡಿ.