ಹೈಡ್ರೋಜನ್ ವಿಮಾನ ಎಂಜಿನ್: ನೇರ ಶಾಖ ವಿನಿಮಯಕವೋ, ಹೀಲಿಯಂ ಸುತ್ತೋ?

ಹೈಡ್ರೋಜನ್ ಇಂಧನವನ್ನು ಬಿಸಿಮಾಡಲು ನೇರ ಶಾಖ ವಿನಿಮಯಕ (ಒಂದರ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಸಾಧನ), ನಡುವೆ ಹೀಲಿಯಂ ಸುತ್ತು, ಇವೆರಡರಲ್ಲಿ ನಿಮ್ಮ ಎಂಜಿನ್ ವಿನ್ಯಾಸಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೈಡ್ರೋಜನ್ ದಹನಕೋಣೆ ಸೇರುವ ಮುನ್ನ ಬಿಸಿಯಾಗಲೇಬೇಕು. ನೇರ ವಿಧಾನದಲ್ಲಿ ಅದು ಟರ್ಬೈನಿನ ಹಿಂದಿನ ಬಿಸಿ ಅನಿಲದ ನಡುವಿನ ಕೊಳವೆಗಳಲ್ಲೇ ಹರಿಯುತ್ತದೆ. ಇನ್ನೊಂದರಲ್ಲಿ ಕೊಳವೆಗಳಲ್ಲಿ ಸುತ್ತುತ್ತಲೇ ಇರುವ ಹೀಲಿಯಂ ಆ ಶಾಖವನ್ನು ಹೊತ್ತು ತಂದು ಹೈಡ್ರೋಜನ್‌ಗೆ ಒಪ್ಪಿಸುತ್ತದೆ.

ತೂಕದಲ್ಲಿ ನೇರ ವಿಧಾನವೇ ಮುಂದು. ಹೀಲಿಯಂ ಸುತ್ತಿನ ವಿಧಾನಕ್ಕೆ ಎರಡನೇ ವಿನಿಮಯಕ, ಅನಿಲ ತಿರುಗಿಸುವ ಯಂತ್ರ, ಸೀಲುಗಳು ಎಲ್ಲವೂ ಬೇಕು.

ಸೋರಿಕೆಯ ವಿಷಯದಲ್ಲಿ ಮಾತ್ರ ನಾನು ಹೀಲಿಯಂ ಪರ. ನೇರ ವಿಧಾನದಲ್ಲಿ ಕೊಳವೆಯ ಗೋಡೆ ಮಿಲಿಮೀಟರಿಗಿಂತ ತೆಳು. ಒಳಗೆ ಕೊರೆಯುವ ಚಳಿ, ಹೊರಗೆ ನೂರಾರು ಡಿಗ್ರಿ ಬಿಸಿ. ಪ್ರತಿ ಹಾರಾಟದಲ್ಲೂ ಹಿಗ್ಗಿ ಕುಗ್ಗುವ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹೈಡ್ರೋಜನ್ ಬಿಸಿ ಅನಿಲಕ್ಕೆ ನುಗ್ಗುತ್ತದೆ. ಹೀಲಿಯಂ ಸೋರಿದರೆ ಉರಿಯುವುದಿಲ್ಲ.

ಮಂಜು ಇನ್ನೊಂದು ತಲೆನೋವು. ಹೈಡ್ರೋಜನ್ ಉರಿದಾಗ ನೀರಾವಿ ಹೆಚ್ಚು. ತಣ್ಣನೆಯ ಕೊಳವೆಗೆ ಅದು ಹೆಪ್ಪುಗಟ್ಟಿ ಸಂದುಗಳನ್ನು ಮುಚ್ಚಬಹುದು. ಬಿಸಿಯಾದ ಹೈಡ್ರೋಜನ್‌ನ ಒಂದು ಪಾಲನ್ನು ಕೊಳವೆಗಳ ಒಳದಾರಿಗೆ ಮರಳಿಸಿ ಅವನ್ನು ಬೆಚ್ಚಗಿಟ್ಟರೆ ನೇರ ವಿಧಾನದಲ್ಲೂ ಇದನ್ನು ತಡೆಯಬಹುದು. ಹೀಲಿಯಂ ಬದಲು ಸಾರಜನಕವನ್ನು ಸುತ್ತಿಸಲಾಗದು, ಮೈನಸ್ 210 ಡಿಗ್ರಿಯಲ್ಲೇ ಅದು ಗಟ್ಟಿಯಾಗುತ್ತದೆ.

ಪ್ರಾದೇಶಿಕ ವಿಮಾನದ ಸಣ್ಣ ಎಂಜಿನ್‌ಗೆ, ತೂಕವೇ ಬಿಗಿಯಾಗಿದ್ದರೆ, 316ಎಲ್‌ನಂಥ ತುಕ್ಕು ಹಿಡಿಯದ ಉಕ್ಕಿನ ನೇರ ವಿನಿಮಯಕದಿಂದ ಆರಂಭಿಸಿ. ಬ್ರಿಟನ್ನಿನ ಸೇಬರ್ ಎಂಬ ಎಂಜಿನ್ ವಿನ್ಯಾಸದಂತೆ ಅತಿವೇಗದ ಎಂಜಿನ್‌ಗೆ ನುಗ್ಗುವ ಗಾಳಿಯನ್ನೇ ತಣಿಸಬೇಕಿದ್ದರೆ ಹೀಲಿಯಂ ಸುತ್ತಿನ ಹೆಚ್ಚುವರಿ ತೂಕ ಹೊರಬಹುದು.