ಅರೇಂಜರೋ, ಟ್ರ್ಯಾಕೋ, ರಿದಮ್ ಪ್ಯಾಡೋ?

ಕಾರವಾರ, ಅಂಕೋಲಾ, ಕುಮಟಾ ಕಡೆಯ ಆರತಕ್ಷತೆಗಳಲ್ಲಿ ನುಡಿಸಿ ಬದುಕುವವನ ಮುಂದೆ ಮೂರು ದಾರಿಗಳಿವೆ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಹಿಡಿದರೆ ಇಡೀ ವಾದ್ಯವೃಂದವೇ ಹಿಂಬಾಲಿಸುವ ಅರೇಂಜರ್ ಕೀಬೋರ್ಡ್; ಲ್ಯಾಪ್‌ಟಾಪಿನಿಂದ ಬಿಡುವ ಕರೋಕೆ ಟ್ರ್ಯಾಕ್; ಇಲ್ಲವೇ ಹಗುರವಾದ ಸಿಂಥಸೈಜರ್, ಪಕ್ಕದಲ್ಲಿ ರಿದಮ್ ಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ ಬಾರಿಸುವ ಇನ್ನೊಬ್ಬ. ಮೂರನ್ನೂ ನಂಬಿ ಹೊಟ್ಟೆ ಹೊರೆದಿದ್ದೇನೆ. ಒಬ್ಬಿಬ್ಬರು ಗಾಯಕರಿರುವ ಸಣ್ಣ ತಂಡಕ್ಕಾದರೆ ನನ್ನ ಮತ ಅರೇಂಜರ್‌ಗೇ.

ಬರೀ ನಾದ ನೋಡಿದರೆ ಟ್ರ್ಯಾಕೇ ಮೇಲು. ಸಿನಿಮಾದಲ್ಲಿ ಕೇಳಿದ ಕೊಳಲು, ಪಿಟೀಲು ಹಾಗೇ ಬರುತ್ತವೆ. ಆದರೆ ಊಟದ ಪಂಕ್ತಿ ಏಳುವ ಹೊತ್ತಿಗೆ ಮದುಮಗಳ ಸೋದರಮಾವ ಮೈಕ್ ಹಿಡಿಯುತ್ತಾರಲ್ಲ, ಆಗ ನೋಡಬೇಕು. ಬಿಳಿ ನಾಲ್ಕರ ಶ್ರುತಿಯ ಹಾಡನ್ನು ಅದಕ್ಕಿಂತ ತಗ್ಗಿನ ಕಪ್ಪು ಎರಡರಲ್ಲಿ ಎತ್ತಿಕೊಳ್ಳುತ್ತಾರೆ, ಪಲ್ಲವಿಯನ್ನು ಮನಸ್ಸಿಗೆ ಬಂದಷ್ಟು ಸಲ ಹೇಳುತ್ತಾರೆ, ನಡುವಿನ ಮ್ಯೂಸಿಕ್‌ಗೆ ಕಾಯದೆ ಚರಣಕ್ಕೆ ಹಾರುತ್ತಾರೆ. ಟ್ರ್ಯಾಕ್ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಅದರ ಶ್ರುತಿಯನ್ನು ಇಳಿಸಬಹುದು ನಿಜ, ನಾಲ್ಕಾರು ಮನೆ (ಕೀಲಿ) ಸರಿಸಿದರೆ ವಾದ್ಯಗಳ ದನಿಯೇ ಕೆಡುತ್ತದೆ. ಅರೇಂಜರ್‌ನಲ್ಲಾದರೆ ಮೊದಲ ಸಾಲಿನಲ್ಲೇ ಅವರ ಶ್ರುತಿ ಹಿಡಿದು, ಶ್ರುತಿ ಸರಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ಕೈಗೆ ಒಗ್ಗಿದ ಮನೆಗಳಲ್ಲೇ ನುಡಿಸುತ್ತೇನೆ. ಮಾವ ಹಾರಿದಲ್ಲಿಗೆ ಎಡಗೈಯೂ ಹಾರುತ್ತದೆ; ಬೇಸ್, ಗಿಟಾರ್ ಬೆನ್ನಿಗೇ ಬರುತ್ತವೆ. ಅಲ್ಲಿ ಒಂದು ಫಿಲ್ (ನಡುವೆ ತುಂಬುವ ಚಿಕ್ಕ ತಾಳದ ತುಣುಕು) ಒತ್ತಿಬಿಟ್ಟರೆ ಹಾಡು ಇದ್ದದ್ದೇ ಹೀಗೆ ಅನ್ನಿಸುತ್ತದೆ. ಮುಂದಿನ ಮದುವೆಗೆ ಹೇಳಿಕಳಿಸುವವರೂ ಇಂಥ ಮಾವಂದಿರೇ.

ಕುಣಿತದ ಹಾಡಿಗೆ ಬಂದರೆ ಅರೇಂಜರ್ ಸೋಲುತ್ತದೆ. ಕ್ರೈಸ್ತರ ಮದುವೆಯ ಕೊಂಕಣಿ ಹಾಡಿಗೆ ಅದರ ವಾಲ್ಟ್ಜ್ ಎಂಬ ಮೂರೆಣಿಕೆಯ ತಾಳ ಧಾರಾಳ ಸಾಕು. ತಮಟೆಯ ಪೆಟ್ಟು ಬೇಡುವ ಕನ್ನಡ ಹಾಡಿಗೆ ಅದರೊಳಗಿನ ಸಿದ್ಧ ಸ್ಟೈಲ್‌ಗಳು, ಅಂದರೆ ತಾಳ-ಹಿನ್ನೆಲೆಯ ಮಾದರಿಗಳು, ಪೇಲವ. ಅದೇ ತುಣುಕು ಮತ್ತೆ ಮತ್ತೆ ಸುತ್ತುತ್ತಿರುವುದು ಕಿವಿಗಿಂತ ಮೊದಲು ಕುಣಿಯುವ ಕಾಲಿಗೆ ತಿಳಿಯುತ್ತದೆ. ಪ್ಯಾಡಿನವನು ಎದುರಿನ ಜನರನ್ನು ನೋಡಿ ಬಾರಿಸುತ್ತಾನೆ. ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಶಿರಸಿಯಲ್ಲಿ ರಸಮಂಜರಿಗೆ ಕರೆದರೆ ಅವನಿಲ್ಲದೆ ನಾನು ದೇವಿಮನೆ ಘಟ್ಟ ಹತ್ತುವುದಿಲ್ಲ. ಸಣ್ಣ ಆರತಕ್ಷತೆಯಲ್ಲಿ ಮಾತ್ರ ಸಂಭಾವನೆಯಲ್ಲಿ ಅವನದೊಂದು ಪಾಲು ತೆಗೆದರೆ ಗಿಟ್ಟುವುದಿಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ತೂಕವೂ ಲೆಕ್ಕಕ್ಕೆ ಬರುತ್ತದೆ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಎಂಬ ಸಿಂಥಸೈಜರ್ ಬರೀ 4 ಕೆ.ಜಿ.; ಯಮಹಾ ಪಿಎಸ್‌ಆರ್-ಎಸ್‌ಎಕ್ಸ್700 ಎಂಬ ಅರೇಂಜರ್ 11.5 ಕೆ.ಜಿ. ಟ್ರ್ಯಾಕ್‌ಗೆ ತೂಕವೂ ಇಲ್ಲ, ಖರ್ಚೂ ಇಲ್ಲ. ಅದಕ್ಕೇ ಈಗ ಗಾಯಕರು ತಾವೇ ಟ್ರ್ಯಾಕ್ ತಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ!

ಆಷಾಢದಿಂದ ತುಳಸಿ ಮದುವೆಯವರೆಗೆ ಹೇಗೂ ಕರೆ ಕಡಿಮೆ. ಆಗ ಅರೇಂಜರ್‌ನಲ್ಲಿ ಸ್ವಂತ ಸ್ಟೈಲ್ ಕಟ್ಟುವ ಸ್ಟೈಲ್ ಕ್ರಿಯೇಟರ್ ತೆರೆದು ನಮ್ಮ ಪೆಟ್ಟುಗಳನ್ನು ಕೂರಿಸುತ್ತೇನೆ: ಸ್ಟೈಲಿನ ಮೊದಲ ಭಾಗವಾದ ಮೇನ್ ಎ ಎಂಬಲ್ಲಿ ಢೋಲಕ್ ಮಾತ್ರ, ನಾಲ್ಕನೆಯ ಭಾಗವಾದ ಡಿ ಬರುವಷ್ಟರಲ್ಲಿ ತಮಟೆ. ಅರೇಂಜರ್ ಕೊಳ್ಳುವವರು ಅಂಗಡಿಯ ಡೆಮೊ ಕೇಳಿ ಮರುಳಾಗಬೇಡಿ. ಸ್ವಂತ ಸ್ಟೈಲ್ ಕಟ್ಟಲು ಬರುತ್ತದೆಯೇ ಎಂದು ಕೇಳಿ, ನಿಮ್ಮ ಗಾಯಕಿಯನ್ನೂ ಕರೆದೊಯ್ದು ಒಂದು ಹಾಡನ್ನು ಅಲ್ಲೇ ಹಾಡಿಸಿ ನೋಡಿ.