ಸೂಸಾಫೋನನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ

ಬ್ಯಾಂಡ್‌ನಲ್ಲಿ ಸೂಸಾಫೋನ್ (ಮೈಗೆ ಸುತ್ತಿಕೊಂಡು ಊದುವ ದೊಡ್ಡ ವಾದ್ಯ), ಟೂಬಾ, ಯುಫೋನಿಯಂನಂಥ ದಪ್ಪ ಹಿತ್ತಾಳೆ ವಾದ್ಯ ಊದುವವರೆಲ್ಲ ಇದನ್ನು ಒಮ್ಮೆ ಓದಿ. ರಾತ್ರಿ ಬಸ್ಸಿನ ಡಿಕ್ಕಿಗೆ ವಾದ್ಯ ಕೊಡಬೇಡಿ. ಕ್ಲೀನರ್ ಎಷ್ಟೇ ನಗುತ್ತಾ "ಏನೂ ಆಗಲ್ಲ ಸಾರ್" ಅಂದರೂ ಬೇಡ.

ನಮ್ಮದು ಮಂಗಳೂರು ಕಡೆಯ ಬ್ಯಾಂಡ್. ಬೆಂಗಳೂರಿನಲ್ಲಿ ಒಂದು ಮದುವೆ ಇತ್ತು. ಸೂಸಾಫೋನನ್ನು ದಪ್ಪ ಬ್ಯಾಗಿನಲ್ಲಿ ಹಾಕಿ, ನಾವೇ ಮುಂದೆ ನಿಂತು ಎಲ್ಲ ಲಗೇಜಿನ ಮೇಲೆ ಇಡಿಸಿದ್ದೆವು. ನಡುರಾತ್ರಿ ದಾರಿಯಲ್ಲಿ ಪಾರ್ಸೆಲ್ ಹೇರಿಕೊಂಡಿದ್ದಾರೆ. ಬೆಳಿಗ್ಗೆ ಡಿಕ್ಕಿ ತೆಗೆದರೆ ನಮ್ಮ ಬ್ಯಾಗು ಅಡಿಗೆ, ಅದರ ಮೇಲೆ ಯಾರದೋ ಪಂಪ್‌ಸೆಟ್ಟು! ಆಫೀಸಿಗೆ ಫೋನ್ ಮಾಡಿದರೆ "ಟಿಕೆಟ್ ಹಿಂದೆ ಓದಿ" ಅಂದರು. ಸಾಮಾನಿಗೆ ಪ್ರಯಾಣಿಕರೇ ಜವಾಬ್ದಾರಿ ಅಂತ ಅಚ್ಚು ಹಾಕಿದ್ದಾರೆ.

ಬೆಲ್, ಅಂದರೆ ವಾದ್ಯದ ಅಗಲ ಬಾಯಿ, ಒಂದು ಕಡೆ ಮಡಚಿ ಹೋಗಿತ್ತು. ನೋಡಲು ಭಯ, ಆದರೆ ಅದು ಸಣ್ಣ ವಿಷಯ. ಬೆಲ್‌ನ ಡೆಂಟನ್ನು ಒಳಗಿನಿಂದ ಉಜ್ಜಿ ಎಬ್ಬಿಸಬಹುದು. ನಿಜವಾದ ಪೆಟ್ಟು ಬಿದ್ದದ್ದು ಸ್ವರ ಬದಲಿಸಲು ಬೆರಳಿನಿಂದ ಒತ್ತುವ ವಾಲ್ವಿಗೆ. ವಾಲ್ವಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್‌ಗೂ ಅದರ ಕೊಳವೆಗೂ ನಡುವೆ ಕೂದಲೆಳೆಯಷ್ಟೂ ಸಂದು ಇರುವುದಿಲ್ಲ. ಹೊರಗಿನಿಂದ ಕಣ್ಣಿಗೇ ಕಾಣದಷ್ಟು ತಗ್ಗು ಬಿದ್ದರೂ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ನಮ್ಮ ವಾದ್ಯದ ಎರಡನೆಯ ವಾಲ್ವ್ ಒತ್ತಿದರೆ ಮೇಲೆ ಬರಲೇ ಇಲ್ಲ. ಮದುವೆಗೆ ಬಾಸ್ (ತಗ್ಗು ಸ್ವರ) ಇಲ್ಲದೆ ಊದಿದೆವು. ಉಪ್ಪಿಲ್ಲದ ಗಂಜಿ.

ಇಂಥ ವಾಲ್ವನ್ನು ಪಾತ್ರೆ ರಿಪೇರಿಯವರ ಕೈಗೆ ಕೊಡಲೇಬೇಡಿ. ಸುತ್ತಿಗೆ ತಾಗಿದರೆ ಮುಗಿಯಿತು. ನಮ್ಮ ಬಹಳಷ್ಟು ಬ್ಯಾಂಡ್‌ಗಳ ವಾದ್ಯ ಬರುವುದೇ ಮೀರತ್‌ನಿಂದ. ಬಿಡಿಭಾಗ ಬೇಕೆಂದರೂ ಕೊನೆಗೆ ಅತ್ತಲೇ ನೋಡಬೇಕು.

ರೈಲು? ಬೋಗಿಯೊಳಗೆ 100×60×25 ಸೆಂ.ಮೀ. ಮೀರಿದ ಪೆಟ್ಟಿಗೆಗೆ ನಿಯಮದ ಪ್ರಕಾರ ಜಾಗವಿಲ್ಲ, ಬ್ರೇಕ್‌ವ್ಯಾನಿಗೆ (ರೈಲಿನ ಸಾಮಾನಿನ ಬೋಗಿಗೆ) ಬುಕ್ ಮಾಡಬೇಕು. ಬುಕ್ ಮಾಡುವಾಗ ಬೆಲೆ ಬರೆಸದಿದ್ದರೆ ಹಾನಿಗೆ ಸಿಗುವುದು ಹೆಚ್ಚೆಂದರೆ ಕಿಲೋಗೆ 100 ರೂಪಾಯಿ. 15 ಕಿಲೋ ವಾದ್ಯಕ್ಕೆ 1,500! ಗುಜರಿಗೆ ಹಾಕಿದರೂ ಜಾಸ್ತಿ ಸಿಗುತ್ತದೆ. ಹಾಗಾಗಿ ಬೆಲೆ ಬರೆಸಿ, ಅದಕ್ಕೆ ತಕ್ಕ ಶುಲ್ಕ ಕಟ್ಟಿ. ವಿಮಾನದಲ್ಲಾದರೆ ನಿಲ್ದಾಣದಿಂದ ಹೊರಬರುವ ಮೊದಲೇ ಕೇಸು ಬಿಚ್ಚಿ ನೋಡಿ, ಅಲ್ಲೇ ದೂರು ಬರೆಸಿ. ವಿದೇಶ ಪ್ರಯಾಣದಲ್ಲಿ ಲಗೇಜ್ ಹಾನಿಗೆ ಲಿಖಿತ ದೂರು ಕೊಡಲು ಇರುವುದು 7 ದಿನ ಮಾತ್ರ.

ಪ್ಯಾಕಿಂಗ್ ವಿಷಯಕ್ಕೆ ಬಂದರೆ, ಸೂಸಾಫೋನಿನ ಬೆಲ್ ಸ್ಕ್ರೂ ಬಿಚ್ಚಿದರೆ ಕಳಚಿಕೊಳ್ಳುತ್ತದೆ. ಅದನ್ನು ಬೇರೆಯೇ ಒಯ್ಯಿರಿ. ತುಟಿಗಿಟ್ಟು ಊದುವ ಮೌತ್‌ಪೀಸ್ ತೆಗೆದಿಡಿ, ಪೆಟ್ಟು ಬಿದ್ದರೆ ಅದು ಕೊಳವೆಯಲ್ಲೇ ಕಚ್ಚಿಕೊಳ್ಳುತ್ತದೆ. ವಾಲ್ವಿನ ಸುತ್ತ ಟವೆಲ್ ಸುತ್ತಿ, ಆದರೆ ಬೆರಳಿನ ಬಟನ್‌ಗಳ ಮೇಲೆ ಭಾರ ಬೀಳಬಾರದು. ಎಣ್ಣೆ ಬಾಟಲಿ, ಸ್ಟ್ಯಾಂಡು ಅಂತ ಅದೇ ಬ್ಯಾಗಿಗೆ ತುರುಕಬೇಡಿ. ಕೇಸು ಮುಚ್ಚಿ ಅಲ್ಲಾಡಿಸಿ. ಒಳಗೆ ವಾದ್ಯ ಸ್ವಲ್ಪ ಸರಿದರೂ ಬಿಚ್ಚಿ ಮತ್ತೆ ತುಂಬಿಸಿ. "ಜೋಪಾನ" ಸ್ಟಿಕ್ಕರನ್ನು ಸುಮ್ನೆ ಅಂಟಿಸಬೇಕಷ್ಟೆ, ಓದುವವರು ಯಾರೂ ಇಲ್ಲ.

ಈಗ ನಾವು ಟೆಂಪೋ ಟ್ರಾವೆಲರ್ ಮಾಡಿಕೊಂಡೇ ಹೋಗುತ್ತೇವೆ, ಖರ್ಚನ್ನು ಮದುವೆಯವರಿಗೆ ಮೊದಲೇ ಹೇಳಿಬಿಡುತ್ತೇವೆ. ಬಸ್ಸೇ ಗತಿ ಅನ್ನುವವರು ಪಕ್ಕದ ಸೀಟಿಗೂ ಟಿಕೆಟ್ ತೆಗೆದುಬಿಡಿ. ಆ ಟಿಕೆಟ್‌ಗೆ ಹೆಸರು, ವಯಸ್ಸು ಕೇಳುತ್ತಾರೆ. ಹತ್ತುವ ಮೊದಲು ಕಂಡಕ್ಟರಿಗೆ ವಿಷಯ ತಿಳಿಸಿಡಿ, ಇಲ್ಲದಿದ್ದರೆ ಹಾಸನದಲ್ಲಿ ಇನ್ನೊಬ್ಬರನ್ನು ತಂದು ಕೂರಿಸುತ್ತಾರೆ.